ಡಿಸ್ಕ್ ಹಾಕೋಕೆ ಜಾಗ ಇದೆಯಾ?

ಜಪಾನಿನಿಂದಲೋ ಅಮೆರಿಕದಿಂದಲೋ ಹೊಸ ಗೇಮಿಂಗ್ ಕನ್ಸೋಲ್‌ನ ಸುದ್ದಿ ಬಂತೆಂದರೆ ಹಳೇ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಗೇಮರ್‌ಗಳು ಒಬ್ಬರಿಗೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ಇಂಡಿಯಾಗೆ ಯಾವಾಗ? ರೂಪಾಯಿಯಲ್ಲಿ ಎಷ್ಟು ಬೀಳುತ್ತೆ? ಡಿಸ್ಕ್ ಹಾಕೋಕೆ ಜಾಗ ಇದೆಯಾ? ಹಳೇ ಗೇಮ್ ಓಡುತ್ತಾ? ಗ್ರಾಫಿಕ್ಸ್ ಎಷ್ಟು ಚೆನ್ನ, ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಮಾತೆಲ್ಲ ಇವು ಮುಗಿದ ಮೇಲೆ. ಹೊರಗಿನವರಿಗೆ ಇದು ಬರೀ ಕೊಸರಾಟದಂತೆ ಕಾಣಬಹುದು. ಸಂತೋಷದ ಸುದ್ದಿ ಬಂದಾಗಲೂ ದೂರು ಹೇಳುವವರು ಎಂಬ ಹೆಸರು ಗೇಮರ್‌ಗಳಿಗೆ ಅಂಟಿಕೊಂಡೂ ಇದೆ. ಆದರೆ ಈ ನಾಲ್ಕು ಪ್ರಶ್ನೆಗಳ ಹಿಂದೆ ಮೂವತ್ತು ವರ್ಷದ ವ್ಯವಹಾರಜ್ಞಾನವಿದೆ. ಒಂದೊಂದೂ ಒಂದೊಂದು ಪೆಟ್ಟು ತಿಂದು ಕಲಿತದ್ದು. ಕನ್ಸೋಲ್ ಮಾಡುವ ಕಂಪನಿಗಳು ತಮ್ಮ ಮಾರುಕಟ್ಟೆ ವರದಿಗಳಿಗಿಂತ ಇದನ್ನು ಗಂಭೀರವಾಗಿ ಕೇಳಿಸಿಕೊಳ್ಳಬೇಕು ಎಂದು ನಾನು ನಂಬುತ್ತೇನೆ.

ಇತ್ತೀಚಿನ ದೊಡ್ಡ ಘೋಷಣೆಯನ್ನೇ ನೋಡೋಣ. ನಿಂಟೆಂಡೊ ಕಂಪನಿ ಸ್ವಿಚ್ 2 ಕನ್ಸೋಲನ್ನು ಮೊದಲು ತೋರಿಸಿದ್ದು 2025ರ ಜನವರಿ 16ರಂದು. ಏಪ್ರಿಲ್ 2ರಂದು ವಿವರಗಳೆಲ್ಲ ಹೊರಬಿದ್ದವು: 7.9 ಇಂಚಿನ ಪರದೆ, 256 ಜಿಬಿ ಸಂಗ್ರಹ, ಜೂನ್ 5ಕ್ಕೆ ಮಾರಾಟ, ಬೆಲೆ 449.99 ಡಾಲರ್. ಜೊತೆಗೆ ಬರಲಿದ್ದ ಮಾರಿಯೊ ಕಾರ್ಟ್ ವರ್ಲ್ಡ್ ಗೇಮ್ ಒಂದಕ್ಕೇ 79.99 ಡಾಲರ್. ಅಮೆರಿಕದ ಗೇಮರ್‌ಗಳು ಕೆರಳಿದರು. ಅದಾದ ಮೇಲೆ ನಿಂಟೆಂಡೊ ನಡೆಸಿದ ನೇರ ಪ್ರಸಾರದುದ್ದಕ್ಕೂ ಬೆಲೆ ಇಳಿಸಿ ಎಂಬ ಕೂಗೇ ತುಂಬಿಹೋಯಿತು. ಕಂಪನಿ ಬೆಲೆ ಇಳಿಸಲಿಲ್ಲ. ಬಿಡುಗಡೆಯಾದ ನಾಲ್ಕೇ ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷ ಕನ್ಸೋಲ್ ಮಾರಾಟವಾಯಿತು.

ನಮ್ಮಲ್ಲಿ ಆ ಜಗಳಕ್ಕೆ ಅವಕಾಶವೇ ಇರಲಿಲ್ಲ. ನಿಂಟೆಂಡೊ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. 2017ರ ಮೊದಲ ಸ್ವಿಚ್ ಬರಲಿಲ್ಲ, ಎರಡನೆಯದೂ ಬರಲಿಲ್ಲ, ಅವರ ಆನ್‌ಲೈನ್ ಅಂಗಡಿಗೂ ಭಾರತದ ಬಾಗಿಲಿಲ್ಲ. ರೂಪಾಯಿಯ ಬೆಲೆಯೇ ಇಲ್ಲದ ವಸ್ತುವಿಗೆ ಚೌಕಾಶಿ ಮಾಡುವುದು ಹೇಗೆ? ಹಾಗಾಗಿ ಇಲ್ಲಿ ಶುರುವಾಗುವುದು ಬೇರೆ ಲೆಕ್ಕ. ಅಮೆರಿಕದಲ್ಲಿರುವ ಅಣ್ಣ ಊರಿಗೆ ಬರೋದು ಯಾವಾಗ, ದುಬೈಯಿಂದ ಯಾರಾದರೂ ಬರುತ್ತಿದ್ದಾರಾ, ನ್ಯಾಷನಲ್ ಮಾರ್ಕೆಟ್‌ನಲ್ಲಿ ಪೀಸ್ ಬಂದಿದೆಯಾ, ಬಿಲ್ ಕೊಡ್ತಾರಾ. ಈ ಲೆಕ್ಕದಲ್ಲೂ ಒಂದು ಗುಂಡಿಯಿತ್ತು. ಜಪಾನಿನಲ್ಲಿ ಸ್ವಿಚ್ 2ರ ಬೆಲೆ ಆಗ 49,980 ಯೆನ್, ಅಂದರೆ ಅಮೆರಿಕದ ಬೆಲೆಗಿಂತ ಎಷ್ಟೋ ಕಡಿಮೆ. ಅದನ್ನು ಕಂಡು ಟೋಕಿಯೊದಲ್ಲಿರುವ ಸ್ನೇಹಿತನಿಗೆ ಹೇಳಿಕಳಿಸೋಣ ಎಂದು ಹೊರಟವರಿಗೆ ತಿಳಿದದ್ದು, ಆ ಅಗ್ಗದ ಪೀಸ್ ಜಪಾನಿ ಭಾಷೆಯನ್ನು ಬಿಟ್ಟು ಬೇರೊಂದನ್ನು ತೋರಿಸುವುದಿಲ್ಲ, ಜಪಾನಿನ ಖಾತೆ ಇಲ್ಲದೆ ಕೆಲಸವನ್ನೂ ಮಾಡುವುದಿಲ್ಲ. ಎಲ್ಲ ಭಾಷೆಗಳೂ ಇರುವ ಪೀಸಿಗೆ ಅಲ್ಲಿಯೂ ಆಗ 69,980 ಯೆನ್. ಪೆಟ್ಟಿಗೆಯ ಮೇಲಿನ ಬರಹ ಓದಿ ಕೊಳ್ಳಬೇಕೆಂಬ ಎಚ್ಚರ ಹಳೇ ಬೆಂಗಳೂರಿನ ಗೇಮರ್‌ಗೆ ಮೊದಲಿನಿಂದಲೂ ಇದೆ. ಅದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೊಂಬತ್ತರ ದಶಕದಲ್ಲಿ ಈ ಬಡಾವಣೆಗಳ ಮಕ್ಕಳಿಗೆ ಸಿಕ್ಕಿದ್ದು ನಿಂಟೆಂಡೊದ ಹಳೆಯ ಫ್ಯಾಮಿಕಾಮ್ ಯಂತ್ರದ ನಕಲುಗಳು. ಟೀವಿಗೆ ಸಿಕ್ಕಿಸುವ ಡಬ್ಬ, ಎರಡು ರಿಮೋಟು, ಹಳದಿ ಅಥವಾ ಕಪ್ಪು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಗೇಮ್ ಇದೆ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಮಾರಿಯೊ, ಕಾಂಟ್ರಾ ಮತ್ತಿನ್ನು ಕೆಲವೇ ಗೇಮುಗಳು ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತಿದ್ದವು. ಹೇಳಿದ್ದಕ್ಕೂ ಒಳಗಿರುವುದಕ್ಕೂ ಇರುವ ಅಂತರವನ್ನು ಎಂಟು ವರ್ಷದ ಮಗು ಕಂಡುಕೊಂಡದ್ದು ಅಲ್ಲಿ. ಅದೇ ಕಾಲದಲ್ಲಿ ಅಸಲಿ ಕನ್ಸೋಲ್ ಕೂಡ ಈ ದೇಶಕ್ಕೆ ಕಾಲಿಟ್ಟಿತ್ತು. 1995ರಲ್ಲಿ ಸೆಗಾ ಕಂಪನಿ, ಮದ್ಯದ ವ್ಯಾಪಾರಕ್ಕೆ ಹೆಸರಾಗಿದ್ದ ಶಾ ವಾಲೇಸ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಮೆಗಾ ಡ್ರೈವನ್ನು ಭಾರತಕ್ಕೆ ತಂದಿತು. ಆಗ ಆಮದು ಸುಂಕವೇ ಶೇ. 80. ಅದರಿಂದ ತಪ್ಪಿಸಿಕೊಳ್ಳಲೆಂದೇ ಆ ಒಪ್ಪಂದ, ಆದರೂ ಯಂತ್ರದ ಬೆಲೆ 18,000 ರೂಪಾಯಿ. 1995ರ ಹದಿನೆಂಟು ಸಾವಿರ! ಗಾಂಧಿಬಜಾರಿನ ಆಸುಪಾಸಿನ ಬ್ಯಾಂಕ್ ಗುಮಾಸ್ತರ ಮನೆಯಲ್ಲಿ, ಮಲ್ಲೇಶ್ವರದ ಮೇಷ್ಟರ ಮನೆಯಲ್ಲಿ ಅಷ್ಟು ದುಡ್ಡು ಆಟಿಕೆಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ‘ರೂಪಾಯಿಯಲ್ಲಿ ಎಷ್ಟು’ ಎಂಬ ಪ್ರಶ್ನೆಗೆ ಅಷ್ಟು ವಯಸ್ಸಾಗಿದೆ.

ಮುಂದಿನ ಕಾಲ ಸೋನಿಯ ಪ್ಲೇಸ್ಟೇಷನ್ 2, ಅಂದರೆ ಪಿಎಸ್2ನದು. ಜಗತ್ತಿನಲ್ಲಿ 16 ಕೋಟಿಗೂ ಹೆಚ್ಚು ಮಾರಾಟವಾದ ಆ ಯಂತ್ರ ಬೆಂಗಳೂರಿನ ಎಷ್ಟೋ ಮನೆಗಳಿಗೆ ಬಂದದ್ದು ವಿದೇಶದ ನೆಂಟರ ಸೂಟ್‌ಕೇಸಿನಲ್ಲಿ. ಅಮೆರಿಕದ ಪೀಸು ಅಲ್ಲಿನ 110–120 ವೋಲ್ಟಿಗೆ ಮಾಡಿದ್ದು, ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತಿತ್ತು. ಹಾಗಾಗಿ ಎಸ್‌.ಪಿ. ರಸ್ತೆಯಿಂದ ತಂದ ಒಂದು ಭಾರದ ಟ್ರಾನ್ಸ್‌ಫಾರ್ಮರ್ ಟೀವಿ ಸ್ಟ್ಯಾಂಡಿನ ಕೆಳಗೆ ಗುಂಯ್ ಅನ್ನುತ್ತ ಕೂತಿರುತ್ತಿತ್ತು. ಆ ದೇಶದ ಡಿಸ್ಕು ಈ ದೇಶದ ಯಂತ್ರದಲ್ಲಿ ಓಡುತ್ತಿರಲಿಲ್ಲ. ಅದಕ್ಕೆ ಉಪಾಯವಾಗಿ ಬಂದದ್ದು ಆ ತಡೆಯನ್ನು ದಾಟಿಸಲು ಯಂತ್ರದೊಳಗೆ ಕೂರಿಸುವ ಚಿಪ್ಪು. ‘ಚಿಪ್ ಹಾಕ್ಸಿರೋ ಪೀಸಾ?’ ಎಂಬುದು ಆ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಮೊದಲ ಪ್ರಶ್ನೆ. ಚಿಪ್ಪು ಹಾಕಿಸಿದರೆ ನಕಲಿ ಡಿಸ್ಕು ಓಡುತ್ತಿತ್ತು, ಅಸಲಿ ಡಿಸ್ಕಿನ ಬೆಲೆಯ ಎದುರು ಅದು ಏನೂ ಅಲ್ಲ ಅನ್ನುವಷ್ಟು ಅಗ್ಗ. ಇದನ್ನು ಕಳ್ಳತನವೆಂದು ಕಂಪನಿಗಳು ಕರೆದವು, ಕಾನೂನಿನ ಪ್ರಕಾರ ಅದು ಸರಿ. ಆದರೆ ಸರಿಯಾದ ಅಂಗಡಿಯಾಗಲಿ, ಕೈಗೆಟುಕುವ ಬೆಲೆಯಾಗಲಿ, ನೆಚ್ಚಬಹುದಾದ ರಿಪೇರಿಯಾಗಲಿ ಇಲ್ಲದೆ ಒಂದು ಇಡೀ ತಲೆಮಾರನ್ನು ಬಿಟ್ಟಿದ್ದು ಯಾರು ಎಂದೂ ಕೇಳಬೇಕು. ಅಧಿಕೃತ ವ್ಯಾಪಾರ ಚೆನ್ನಾಗಿ ಬೇರೂರಿದ ಮೇಲೆ ಅದೇ ಹುಡುಗರು ಅಸಲಿ ಡಿಸ್ಕಿಗೆ ಸಾಲಿನಲ್ಲಿ ನಿಂತರು.

ಅಧಿಕೃತ ಎಂಬುದು ಇಲ್ಲಿ ಗಟ್ಟಿಯಾಗಿ ಶುರುವಾದದ್ದು 2006ರ ಸೆಪ್ಟೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ. ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಅವರನ್ನು ಇಟ್ಟುಕೊಂಡು ಮೈಕ್ರೋಸಾಫ್ಟ್ ಜಾಹೀರಾತು ಮಾಡಿತು. 2007ರ ಏಪ್ರಿಲ್‌ನಲ್ಲಿ ಪಿಎಸ್3 ಬಂತು, 39,990 ರೂಪಾಯಿಗೆ. 2014ರ ಜನವರಿಯಲ್ಲಿ ಪಿಎಸ್4, ಮತ್ತೆ ಅದೇ 39,990. ಎಕ್ಸ್‌ಬಾಕ್ಸ್ ಒನ್ ಬರಲು 2014ರ ಸೆಪ್ಟೆಂಬರ್ ಆಯಿತು, ಅಷ್ಟರಲ್ಲಿ ಅಮೆರಿಕದಲ್ಲಿ ಅದು ಹತ್ತು ತಿಂಗಳ ಹಳೆಯ ಮಾಲು. ಪಿಎಸ್5ನ ಕತೆ ಎಲ್ಲರಿಗೂ ನೆನಪಿದೆ. ಅಮೆರಿಕ, ಜಪಾನ್‌ಗಳಲ್ಲಿ 2020ರ ನವೆಂಬರ್ 12ಕ್ಕೆ ಬಂದದ್ದು ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ಕ್ಕೆ. ತಡ ಏಕೆ ಎಂಬುದಕ್ಕೆ ಆಗ ಓಡಾಡಿದ ಸುದ್ದಿಗಳಲ್ಲಿ ಒಂದು, ದೆಹಲಿಯ ಒಬ್ಬರು ಸೋನಿಗಿಂತ ಮೊದಲೇ ‘ಪಿಎಸ್5’ ಹೆಸರಿನ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದ್ದರು ಎಂಬುದು. ಅರ್ಜಿ ಹಾಕಿದ್ದು ನಿಜ, ಆಮೇಲೆ ಅವರು ಅದನ್ನು ಹಿಂತೆಗೆದುಕೊಂಡರು. 2021ರ ಜನವರಿ 12ರ ಮಧ್ಯಾಹ್ನ 12 ಗಂಟೆಗೆ ಮುಂಗಡ ಬುಕಿಂಗ್ ತೆರೆಯಿತು, ನಿಮಿಷಗಳಲ್ಲಿ ಮುಗಿಯಿತು. ಆಮೇಲೆ ತಿಂಗಳುಗಟ್ಟಲೆ ಅದೇ ಪಾಡು. ಎಕ್ಸ್‌ಬಾಕ್ಸ್ ಸರಣಿ ಆ ಬಾರಿ ಜಗತ್ತಿನ ಜೊತೆಗೇ, 2020ರ ನವೆಂಬರ್ 10ಕ್ಕೇ ಇಲ್ಲಿಗೆ ಬಂದದ್ದು ಮೈಕ್ರೋಸಾಫ್ಟಿಗೆ ಸಲ್ಲಬೇಕಾದ ಮೆಚ್ಚುಗೆ.

ಬೆಲೆಯ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಈಚೆಗೆ ಮುರಿದುಬಿದ್ದಿದೆ. ಕನ್ಸೋಲ್ ಬಂದ ಹೊಸತರಲ್ಲಿ ದುಬಾರಿ, ಎರಡು ಮೂರು ವರ್ಷ ಕಾದರೆ ಇಳಿಯುತ್ತೆ ಎಂಬುದು ಎಲ್ಲ ಮನೆಗಳಲ್ಲೂ ಅಪ್ಪಂದಿರು ಹೇಳುತ್ತಿದ್ದ ಮಾತು. ಪಿಎಸ್2, ಪಿಎಸ್3, ಪಿಎಸ್4 ಮೂರರಲ್ಲೂ ಅದು ನಿಜವಾಯಿತು. ಪಿಎಸ್5 ಮಾತ್ರ 49,990ಕ್ಕೆ ಬಂದು 2022ರ ನವೆಂಬರಿನಲ್ಲಿ 54,990ಕ್ಕೆ ಏರಿತು. 2024ರ ಏಪ್ರಿಲ್‌ನಲ್ಲಿ ಬಂದ ತೆಳ್ಳಗಿನ ಪಿಎಸ್5 ಸ್ಲಿಮ್‌ಗೂ 54,990ನೇ ಇಟ್ಟರು. ದಸರಾ, ದೀಪಾವಳಿಯ ಆಫರ್‌ನಲ್ಲಿ ಸ್ವಲ್ಪ ಇಳಿಯುವುದುಂಟು, ಹಬ್ಬ ಮುಗಿದರೆ ಮತ್ತೆ ಮೊದಲಿನಂತೆ. ಅಮೆರಿಕದಲ್ಲೂ 2025ರಲ್ಲಿ ಸೋನಿ, ಮೈಕ್ರೋಸಾಫ್ಟ್ ಎರಡೂ ಬೆಲೆ ಏರಿಸಿದವು. ನಮ್ಮಲ್ಲಿ ಇದಕ್ಕೆ ತೆರಿಗೆಯದೂ ಪಾಲಿದೆ. 2018ರ ಬಜೆಟ್ಟಿನಲ್ಲಿ ವಿಡಿಯೊ ಗೇಮ್ ಕನ್ಸೋಲಿನ ಆಮದು ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿತು. ಒಂದು ಕೈಯಲ್ಲಿ ಏರಿಸಿ ಇನ್ನೊಂದರಲ್ಲಿ ಇಳಿಸಿದ್ದರಿಂದ ಕೊಳ್ಳುವವನಿಗೆ ಹೆಚ್ಚೇನೂ ಉಳಿಯಲಿಲ್ಲ. ಕಾದವನು ಜಾಣ ಎಂಬ ಮಾತು ಹೋಗಿ, ಬಂದಾಗಲೇ ತಗೋಬೇಕಿತ್ತು ಎನ್ನುವ ಮಾತು ಬಂದಿದೆ.

ನ್ಯಾಷನಲ್ ಮಾರ್ಕೆಟ್ಟಿನ ಬಗ್ಗೆ ಹೇಳದೆ ಈ ಸಮೀಕ್ಷೆ ಪೂರ್ತಿಯಾಗುವುದಿಲ್ಲ. 2017ರ ಜೂನ್‌ನಲ್ಲಿ ಹಸಿರು ಮೆಟ್ರೊ ಇತ್ತ ಚಾಲೂ ಆದ ಮೇಲೆ ಮೆಜೆಸ್ಟಿಕ್ ಬಳಿಯ ಈ ಮಾರುಕಟ್ಟೆ ಬಸವನಗುಡಿಯ ಹುಡುಗನಿಗೆ ತೀರಾ ಹತ್ತಿರ. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿದರೆ ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೂರನೆಯದು ಮೆಜೆಸ್ಟಿಕ್. ಮಲ್ಲೇಶ್ವರದವನಿಗೆ ಮಂತ್ರಿ ಸ್ಕ್ವೇರ್ ಹತ್ತಿರ ಸಂಪಿಗೆ ರಸ್ತೆಯಲ್ಲಿ ಹತ್ತಿದರೆ ಮರುನಿಲ್ದಾಣವೇ ಮೆಜೆಸ್ಟಿಕ್. ಒತ್ತೊತ್ತಾಗಿರುವ ಸಣ್ಣ ಮಳಿಗೆಗಳ ನಡುವೆ ಕನ್ಸೋಲ್ ಕೊಳ್ಳಲು ಬಂದ ಅನುಭವಸ್ಥ ಮೊದಲು ಏನು ಮಾಡುತ್ತಾನೆ ನೋಡಬೇಕು. ಬೆಲೆ ಕೇಳುವುದಿಲ್ಲ. ಪೆಟ್ಟಿಗೆಯನ್ನು ಬದಿಗೆ ತಿರುಗಿಸಿ ಮಾಡೆಲ್ ನಂಬರ್ ಓದುತ್ತಾನೆ. ಪಿಎಸ್5 ಸ್ಲಿಮ್‌ ಮೇಲೆ ಸಿಎಫ್‌ಐ-2008 ಎಂದಿದ್ದರೆ ಅದು ಭಾರತದಲ್ಲಿ ಮಾರುವ ಪೀಸು. ಕೊನೆಯಲ್ಲಿ ಎಂಟರ ಬದಲು ಸೊನ್ನೆ ಇದ್ದರೆ ಜಪಾನಿನದು. ಆ ನಂಬರಿನ ಮೇಲೆ ವಾರಂಟಿ ನಿಂತಿದೆ. ನಂಬರ್ ಸರಿ ಇದ್ದರೆ ಕೆಟ್ಟಾಗ ಸರ್ವಿಸ್ ಸೆಂಟರಿಗೆ ಹೋಗಬಹುದು, ಇಲ್ಲದಿದ್ದರೆ ಮಾರಿದವನ ಬಾಯಿಮಾತೇ ಗತಿ. ಆಮೇಲೆ ಹಳೆಯ ಡಿಸ್ಕಿನ ಕಡೆಗೆ ತಿರುಗುತ್ತಾನೆ. ಡಬ್ಬಿ ತೆರೆದು, ಡಿಸ್ಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಓರೆಯಾಗಿ ಒಡ್ಡುತ್ತಾನೆ. ಒಳಗಿನಿಂದ ಅಂಚಿನ ಕಡೆಗೆ ನೇರ ಹೋದ ಗೀರು ಅಷ್ಟು ಭಯದ್ದಲ್ಲ, ಡಿಸ್ಕು ತಿರುಗುವ ದಿಕ್ಕಿನಲ್ಲೇ ಬಿದ್ದ ಗೀರು ಅಪಾಯದ್ದು ಎಂಬುದು ಅವನಿಗೆ ಗೊತ್ತು. ಇದೆಲ್ಲ ಮುಗಿದ ಮೇಲೆ ‘ಲಾಸ್ಟ್ ಎಷ್ಟು?’ ಎನ್ನುತ್ತಾನೆ.

ಅಧಿಕೃತವಾಗಿ ಬಾರದ ಕನ್ಸೋಲುಗಳಿಗೆ ಇಂಥ ಮಾರುಕಟ್ಟೆಗಳೇ ಬಾಗಿಲು. ಪಿಎಸ್5 ಪ್ರೊ ವಿಷಯದಲ್ಲಿ ನಡೆದದ್ದು ವಿಚಿತ್ರ. 2024ರ ಸೆಪ್ಟೆಂಬರ್ 10ರಂದು ಸೋನಿ ಅದನ್ನು ಘೋಷಿಸಿತು, ಬೆಲೆ 699.99 ಡಾಲರ್, ನವೆಂಬರ್ 7ಕ್ಕೆ ಬಿಡುಗಡೆ. ಡಿಸ್ಕ್ ಡ್ರೈವ್ ಇಲ್ಲ, ಬೇಕಿದ್ದರೆ ಬೇರೆಯಾಗಿ ಕೊಂಡು ಸಿಕ್ಕಿಸಿಕೊಳ್ಳಬೇಕು. ಜಗತ್ತಿನೆಲ್ಲೆಡೆ ಗೇಮರ್‌ಗಳು ಬೆಲೆಗೂ ಡ್ರೈವಿಗೂ ಸೇರಿಸಿ ಬೈದರು. ಭಾರತಕ್ಕೆ ಅದು ಆಗ ಬರಲಿಲ್ಲ. ಅದರೊಳಗಿನ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ಅನುಮತಿಯಿಲ್ಲದ ದೇಶಗಳಲ್ಲಿ ಮಾರುವುದಿಲ್ಲವೆಂದು ಸೋನಿ ಭಾರತದ ಹೆಸರು ಹೇಳಿಯೇ ತಿಳಿಸಿತು. ಆ ತರಂಗಾಂತರ ಮೊಬೈಲ್ ಸೇವೆಗೆ ಬೇಕೆಂದು ಟೆಲಿಕಾಂ ಕಂಪನಿಗಳು, ವೈಫೈಗೆ ಮುಕ್ತವಾಗಲಿ ಎಂದು ತಂತ್ರಜ್ಞಾನ ಕಂಪನಿಗಳು ಬಹಳ ಕಾಲದಿಂದ ಜಗ್ಗಾಡುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸುವ ಕರಡು ನಿಯಮ ಹೊರಡಿಸಿತು. ಒಬ್ಬ ಕಾಲೇಜು ಹುಡುಗನ ಗೇಮಿಂಗ್ ಆಸೆ ದೆಹಲಿಯ ತರಂಗಾಂತರ ಹಂಚಿಕೆಯಲ್ಲಿ ಸಿಕ್ಕಿಕೊಂಡದ್ದು ಹೀಗೆ. ನೆಂಟರ ಕೈಯಲ್ಲಿ ತರಿಸೋಣವೆಂದರೆ 2016ರ ಬ್ಯಾಗೇಜ್ ನಿಯಮಗಳಲ್ಲಿ ಸುಂಕವಿಲ್ಲದೆ ತರಬಹುದಾದ್ದು 50,000 ರೂಪಾಯಿಯ ಸಾಮಾನು, ಪ್ರೊ ಒಂದೇ ಅದನ್ನು ದಾಟಿಬಿಡುತ್ತಿತ್ತು. ತಂದವರು ತಂದರು, ಮಾರ್ಕೆಟ್ಟಿನಲ್ಲಿ ಹೆಚ್ಚು ಕೊಟ್ಟು ಕೊಂಡವರು ಕೊಂಡರು. ಮಿಕ್ಕವರು ‘ಡಿಸ್ಕೇ ಇಲ್ಲದ ಮೇಲೆ ಬಂದರೆಷ್ಟು, ಬಿಟ್ಟರೆಷ್ಟು’ ಎಂದರು.

ನಾನು ಹೆಚ್ಚು ಹೇಳಬೇಕೆಂದಿರುವುದು ಈ ಡಿಸ್ಕಿನ ವಿಷಯವೇ. ಇಲ್ಲಿ ಒಂದು ಡಿಸ್ಕು ಒಬ್ಬನ ಬಳಿ ಕೂರುವುದಿಲ್ಲ. ಪಿಎಸ್5ರ ದೊಡ್ಡ ಗೇಮ್ ಒಂದು ಹೊಸದಾಗಿ ಬಂದಾಗ 4,999 ರೂಪಾಯಿ. ಕೊಂಡವನು ಮುಗಿಸಿ, ಬೆಲೆ ಬೀಳುವ ಮೊದಲೇ ಮಾರುತ್ತಾನೆ. ಎರಡನೆಯವನು ಆಡಿ ಮೂರನೆಯವನಿಗೆ ಇನ್ನಷ್ಟು ಕಡಿಮೆಗೆ ಕೊಡುತ್ತಾನೆ. ಮಧ್ಯೆ ಅಣ್ಣತಮ್ಮಂದಿರು, ಪಕ್ಕದ ಮನೆಯವರು, ಕ್ಲಾಸ್‌ಮೇಟ್‌ಗಳು ಸುಮ್ಮನೆ ಒಯ್ದು ಆಡುವುದಂತೂ ಲೆಕ್ಕಕ್ಕೇ ಇಲ್ಲ. ಹಿಂದೆ ಈ ಬಡಾವಣೆಗಳಲ್ಲಿ ದಿನದ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದು ಪ್ರತಿಯನ್ನು ನೂರು ಮನೆಗೆ ಹೇಗೆ ಮುಟ್ಟಿಸುತ್ತಿದ್ದವೋ ಡಿಸ್ಕು ಕೂಡ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಮಧ್ಯಮವರ್ಗದ ಮನೆಯಲ್ಲಿ ಕನ್ಸೋಲ್ ಬದುಕಿರುವುದು ಇದರಿಂದ. ಡ್ರೈವ್ ತೆಗೆದರೆ ಈ ಇಡೀ ಸರಪಳಿ ಕಡಿದುಹೋಗುತ್ತದೆ. ಗೇಮಿನ ಮೇಲೆ ನಿಮಗಿರುವುದು ಆಡುವ ಅನುಮತಿ ಮಾತ್ರ. ಮಾರುವಂತಿಲ್ಲ, ಊರಿಗೆ ಹೋಗುವಾಗ ತಂಗಿಗೆ ಕೊಟ್ಟುಹೋಗುವಂತಿಲ್ಲ.

ಗೇಮರ್‌ಗಳ ಕೂಗಿಗೆ ಬೆಲೆಯಿಲ್ಲ ಎನ್ನುವವರಿಗೆ 2013ರ ಉದಾಹರಣೆ ಸಾಕು. ಆ ವರ್ಷ ಮೇ 21ರಂದು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ತೋರಿಸಿತು. 24 ಗಂಟೆಗೊಮ್ಮೆ ಇಂಟರ್ನೆಟ್ಟಿಗೆ ಹೋಗಿ ಹಾಜರಿ ಹಾಕದಿದ್ದರೆ ಗೇಮ್ ಓಡುವುದಿಲ್ಲ, ಹಳೆಯ ಡಿಸ್ಕು ಮಾರುವುದಕ್ಕೂ ಕೈಬದಲು ಕೊಡುವುದಕ್ಕೂ ನಿರ್ಬಂಧ ಎಂಬುದು ಹೊರಬಿತ್ತು. ಬಿಎಸ್‌ಎನ್‌ಎಲ್ ಮೋಡೆಮ್ ಮತ್ತು ಮಳೆ ಬಂದರೆ ಹೋಗುವ ಕರೆಂಟು, ಇವೆರಡರ ನಡುವೆ ಬದುಕುತ್ತಿದ್ದ ನಮ್ಮ ಮನೆಗಳಿಗೆ ಆ ದಿನಕ್ಕೊಂದು ಹಾಜರಿ ಎಂದರೆ ಏನೆಂದು ಊಹಿಸಿಕೊಳ್ಳಿ. ಜೂನ್ 10ರಂದು ಸೋನಿ ಲಾಸ್ ಏಂಜಲೀಸಿನ ಇ3 ಗೇಮ್ ಮೇಳದ ವೇದಿಕೆಯ ಮೇಲೆ ನಿಂತು ಪಿಎಸ್4ಗೆ 399 ಡಾಲರ್, ಎಕ್ಸ್‌ಬಾಕ್ಸಿಗಿಂತ 100 ಕಡಿಮೆ, ಹಳೆಯ ಡಿಸ್ಕಿಗೆ ಯಾವ ತಡೆಯೂ ಇಲ್ಲ ಎಂದು ಘೋಷಿಸಿದಾಗ ಸಭಾಂಗಣ ಎದ್ದು ಕುಣಿಯಿತು. ಗೇಮನ್ನು ಸ್ನೇಹಿತನಿಗೆ ಕೊಡುವುದು ಹೇಗೆ ಎಂದು ತೋರಿಸುವ ಪುಟ್ಟ ವಿಡಿಯೊವನ್ನೂ ಸೋನಿ ಹಾಕಿತು: ಒಬ್ಬ ಡಬ್ಬಿ ಕೊಡುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ, ಅಷ್ಟೇ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ವಾಪಸ್ ಪಡೆಯಿತು. ಒಂದು ತಿಂಗಳೂ ತುಂಬಿರಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಯೋಜನೆಯಲ್ಲಿ ಕುಟುಂಬದ ಹತ್ತು ಜನ ಒಂದೇ ಗೇಮ್ ಸಂಗ್ರಹವನ್ನು ಹಂಚಿಕೊಳ್ಳುವ ಸೌಕರ್ಯವೂ ಇತ್ತು, ವಾಪಸಾತಿಯಲ್ಲಿ ಅದೂ ಹೋಯಿತು. ಆದರೂ ಅಂದಿನ ಸಿಟ್ಟು ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಕೂಗು ಮತ್ತೊಮ್ಮೆ ಫಲಿಸಿದ್ದೂ ಉಂಟು: 2021ರಲ್ಲಿ ಪಿಎಸ್3 ಮತ್ತು ತನ್ನ ಕೈಯಂತ್ರ ವೀಟಾದ ಆನ್‌ಲೈನ್ ಅಂಗಡಿಗಳನ್ನು ಮುಚ್ಚುತ್ತೇವೆಂದು ಹೇಳಿದ್ದ ಸೋನಿ, ಮರುತಿಂಗಳೇ ಜನರ ಮಾತಿಗೆ ಮಣಿದು ಎರಡನ್ನೂ ಉಳಿಸಿಕೊಂಡಿತು.

ಡಿಜಿಟಲ್ ಪರವಾಗಿ ಮಾತಾಡುವವರೂ ಇದೇ ಬಡಾವಣೆಗಳಲ್ಲಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಈಗ ಬೀದಿಬೀದಿಗೆ ಫೈಬರ್ ಬಂದಿದೆ. 100 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಸಿಕ್ಕರೆ 100 ಜಿಬಿಯ ಗೇಮ್ ಎರಡೂ ಕಾಲು ಗಂಟೆಯಲ್ಲಿ ಇಳಿಯುತ್ತದೆ. ಡಿಸ್ಕ್ ಕೊಂಡರೂ ಅದರಲ್ಲಿ ಪೂರ್ತಿ ಗೇಮ್ ಇರುತ್ತದೆಂಬ ಖಾತ್ರಿಯಿಲ್ಲ, ಹಾಕಿದ ಮೇಲೆ ಮತ್ತೆ ಹತ್ತಾರು ಜಿಬಿ ಅಪ್‌ಡೇಟ್. ಸ್ವಿಚ್ 2ರಲ್ಲಂತೂ ಕೆಲವು ಕಾರ್ಡುಗಳೊಳಗೆ ಗೇಮೇ ಇಲ್ಲ. ಕಾರ್ಡು ಬರೀ ಬೀಗದ ಕೈ, ಗೇಮನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಆನ್‌ಲೈನ್ ಸೇಲ್‌ಗಳಲ್ಲಿ ಹಳೆಯ ಗೇಮುಗಳು ಸೆಕೆಂಡ್ ಹ್ಯಾಂಡ್ ಡಿಸ್ಕಿಗಿಂತ ಅಗ್ಗವಾಗುವುದೂ ಉಂಟು. ಇವಕ್ಕೆ ನನ್ನ ಉತ್ತರ ಇಷ್ಟೇ: ಸೇಲ್ ಹಾಕುವವನೂ ಅವನೇ, ತೆಗೆಯುವವನೂ ಅವನೇ. ಚಂದಾ ಯೋಜನೆಗಳ ಗತಿ ನೋಡಿ. ಮೈಕ್ರೋಸಾಫ್ಟಿನ ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 829 ರೂಪಾಯಿ ಇದ್ದದ್ದು 2025ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 1,389 ಆಯಿತು. 34,990ಕ್ಕೆ ಬಂದ ಎಕ್ಸ್‌ಬಾಕ್ಸ್ ಸರಣಿ ಎಸ್‌ ಅಗ್ಗವೆಂದು ಕೊಂಡವರ ಯಂತ್ರದಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇರೆ ದಾರಿ ಹುಡುಕೋಣವೆಂದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೂ ಅವರಿಗಿಲ್ಲ.

ಹಳೇ ಗೇಮ್ ಓಡುತ್ತಾ ಎಂಬ ನಾಲ್ಕನೆಯ ಪ್ರಶ್ನೆಗೆ ಪಿಎಸ್4 ಕಾರಣ. ಅದು ಪಿಎಸ್3 ಡಿಸ್ಕುಗಳನ್ನು ಓಡಿಸಲಿಲ್ಲ, ಕಪಾಟಿನಲ್ಲಿದ್ದ ಸಂಗ್ರಹ ರಾತ್ರೋರಾತ್ರಿ ಬೆಲೆ ಕಳೆದುಕೊಂಡಿತು. ಪಿಎಸ್5 ಬಹುತೇಕ ಎಲ್ಲ ಪಿಎಸ್4 ಡಿಸ್ಕುಗಳನ್ನೂ ಓಡಿಸುತ್ತದೆ, ಸ್ವಿಚ್ 2 ಕೂಡ ಹಳೆಯ ಸ್ವಿಚ್ ಕಾರ್ಡುಗಳನ್ನು ಬಹುಮಟ್ಟಿಗೆ ಓಡಿಸುತ್ತದೆ. ಈ ಮಟ್ಟಿಗೆ ಕಂಪನಿಗಳು ಪಾಠ ಕಲಿತಿವೆ.

ಮನೆಯವರ ಮಾತೂ ಒಂದಿದೆ. ಕನ್ಸೋಲಿಗೆ ಬೇಕಾದ ಟೀವಿ ಇರುವುದು ಹಾಲ್‌ನಲ್ಲಿ, ಅದು ಎಲ್ಲರದ್ದು. ಅಜ್ಜಿಯ ಧಾರಾವಾಹಿ, ಅಪ್ಪನ ಕ್ರಿಕೆಟ್, ಪಿಯುಸಿ ಪರೀಕ್ಷೆ ಎಲ್ಲ ಮುಗಿದು ಉಳಿದ ಹೊತ್ತು ಗೇಮಿಗೆ. ಟೀವಿಯಿಂದ ಬಿಡಿಸಿಕೊಂಡು ಕೈಯಲ್ಲಿ ಹಿಡಿದು ಆಡಬಹುದಾದ ಸ್ವಿಚ್ ಇಲ್ಲಿ ಅಧಿಕೃತವಾಗಿ ಬಾರದೆಯೂ ಇಷ್ಟು ಜನಕ್ಕೆ ಬೇಕಾಗಿರುವುದಕ್ಕೆ ಇದೇ ಕಾರಣ. ಅಂಥದ್ದೇ ಕೈಯಂತ್ರವಾದ ಏಸಸ್‌ನ ಎಕ್ಸ್‌ಬಾಕ್ಸ್ ಅಲೈ 2025ರ ಅಕ್ಟೋಬರಿನಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂತು. ಬೆಲೆ 69,990, ಮೇಲಿನ ಮಾದರಿ 1,14,990. ಅಷ್ಟು ಕೊಟ್ಟು ತರುವ ಮನೆಗಳು ಈ ಬಡಾವಣೆಗಳಲ್ಲಿ ಕೆಲವೇ.

ಇಷ್ಟೆಲ್ಲ ಬೇಡಿಕೆಯಿರುವ ಊರು ಗೇಮ್ ತಯಾರಿಸುವ ಊರೂ ಹೌದು ಎಂಬುದನ್ನು ನೆನೆದಾಗ ನೋವಾಗುತ್ತದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆ ಎಕ್ಸ್‌ಬಾಕ್ಸಿನ ಹೆಸರಾಂತ ಫೋರ್ಜಾ ಸರಣಿಗೆ ಕೆಲಸ ಮಾಡಿತು. 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ತಯಾರಕರಾದ ರಾಕ್‌ಸ್ಟಾರ್ ಅದನ್ನು 79 ಲಕ್ಷ ಡಾಲರಿಗೆ ಕೊಂಡು ಇಲ್ಲಿನ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. 2012ರಲ್ಲೇ ಅನಿಮೇಷನ್, ಗೇಮಿಂಗ್‌ಗೆಂದು ಕರ್ನಾಟಕ ಪ್ರತ್ಯೇಕ ನೀತಿ ತಂದಿತ್ತು. ಜಗತ್ತು ಆಡುವ ಗೇಮುಗಳಿಗೆ ಇಲ್ಲಿನ ಕೈಗಳು ರೂಪ ಕೊಡುತ್ತಿವೆ. ಆದರೆ ಅದೇ ಊರಿನ ಅಂಗಡಿಗೆ ಹೊಸ ಕನ್ಸೋಲ್ ಮೂರು ತಿಂಗಳು ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಯಾವ ದೊಡ್ಡ ಕನ್ಸೋಲಿನ ಮೆನುವಿನಲ್ಲೂ ಕನ್ನಡ ಇಲ್ಲ. ಕನ್ನಡದ ಮೆನು ಬೇಕು ಎಂದು ನಮ್ಮ ಗೇಮರ್‌ಗಳು ಗಟ್ಟಿಯಾಗಿ ಕೇಳಿದ್ದು ಕಡಿಮೆ, ಕೇಳಬೇಕು. ಫೋನಿನಲ್ಲಿ ಕೇಳಿದ್ದಕ್ಕೇ ಬಂತಲ್ಲ.

ಮುಂದೇನು ಎಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. ವಾಲ್ವ್ ಕಂಪನಿ 2025ರ ನವೆಂಬರಿನಲ್ಲಿ ಸ್ಟೀಮ್ ಮಷೀನ್ ಘೋಷಿಸಿತು, ಬೆಲೆ ಮಾತ್ರ ಆಗ ಹೇಳಲಿಲ್ಲ. ಅವರ ಹಿಂದಿನ ಸ್ಟೀಮ್ ಡೆಕ್ ಭಾರತಕ್ಕೆ ಅಧಿಕೃತವಾಗಿ ಬರಲಿಲ್ಲವಾದ್ದರಿಂದ ಇಲ್ಲಿ ಯಾರೂ ಅದಕ್ಕೆ ದುಡ್ಡು ಎತ್ತಿಟ್ಟಿಲ್ಲ. ನಿಜವಾಗಿ ಜೇಬಿಗೆ ಕೈ ಹಾಕಿಸುವುದು ಒಂದು ಗೇಮ್. ಗ್ರ್ಯಾಂಡ್ ಥೆಫ್ಟ್ ಆಟೊ 6ಕ್ಕೆ ಎರಡು ಸಲ ಮುಂದೂಡಿ ರಾಕ್‌ಸ್ಟಾರ್ ಕೊಟ್ಟಿರುವ ದಿನಾಂಕ 2026ರ ನವೆಂಬರ್ 19. ಅದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸರಣಿಗೆ ಮಾತ್ರ. ಹತ್ತು ವರ್ಷದಿಂದ ಪಿಎಸ್4ನಲ್ಲೇ ಕಾಲ ಹಾಕಿದ ಮನೆಗಳು ಈಗ ತೀರ್ಮಾನ ಮಾಡಬೇಕಾಗಿದೆ, ಮತ್ತು ಅವರು ಕೇಳುತ್ತಿರುವುದು, ಡಿಸ್ಕ್ ಇರೋದು ತಗೋಳೋದಾ, ಹತ್ತು ಸಾವಿರ ಉಳಿಯುತ್ತೆ ಅಂತ ಡಿಜಿಟಲ್ ತಗೋಳೋದಾ? ಪಿಎಸ್5 ಸ್ಲಿಮ್ ಡಿಸ್ಕಿನದು 54,990ಕ್ಕೂ ಡಿಜಿಟಲ್ 44,990ಕ್ಕೂ ಬಿಡುಗಡೆಯಾದವು. 4,999ರ ಹೊಸ ಡಿಸ್ಕು ಆಡಿ ಮುಗಿಸಿ 3,500ಕ್ಕೆ ಮಾರಿದಿರಿ ಎಂದುಕೊಳ್ಳಿ, ಮೂರು ಗೇಮಿಗೆ 10,500 ವಾಪಸ್ ಬಂತು. ನಾಲ್ಕನೆಯ ಗೇಮಿನಿಂದ ಆಚೆಗೆ ಬರುವುದೆಲ್ಲ ಉಳಿತಾಯ. ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳಿ, ಮಾಡೆಲ್ ನಂಬರ್ ಭಾರತದ್ದೇ ಎಂದು ನೋಡಿ, ಬಿಲ್ ಕೇಳಿ ಪಡೆಯಿರಿ.